ಪುಟದ ಹಿಂದಿನ ಬರಹ

ಬರೆಯುವವನು ಯಾರಿಗಾಗಿ ಬರೆಯುತ್ತಾನೆ ಎಂಬುದು ಹಳೆಯ ಪ್ರಶ್ನೆ. ಓದುವವನಿಗಾಗಿ ಎಂಬ ಉತ್ತರವೂ ಅಷ್ಟೇ ಹಳೆಯದು. ಆದರೆ ಬರೆಯುವುದೂ ಯಂತ್ರ, ಓದುವುದೂ ಯಂತ್ರ ಎಂಬಂಥ ಒಂದು ಬಗೆಯ ಬರವಣಿಗೆ ಈಗ ನಮ್ಮ ಮನೆಮನೆಗೂ ಬಂದು ಸೇರಿದೆ. ಅಂಥ ಬರಹಕ್ಕೆ ಅಂಚು, ಸಾಲು, ತೆರಪುಗಳ ಶಿಸ್ತು ಬೇಕೆ? ಯಂತ್ರವು ಯಂತ್ರಕ್ಕೆ ಬರೆದ ಓಲೆ ಹೇಗಿದ್ದರೇನು ಎಂದು ಕೇಳುವವರುಂಟು. ಹೇಗೋ ಇದ್ದರೆ ಆಗದು, ಅದರಿಂದ ನಮ್ಮ ನಿಮ್ಮಂಥವರಿಗೇ ತೊಂದರೆ ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ರೈಲಿನ ವೇಳೆ, ಹೊಲದ ಪಹಣಿ, ಮಕ್ಕಳ ಪರೀಕ್ಷೆಯ ಫಲಿತಾಂಶ, ಇವನ್ನೆಲ್ಲ ನಾವು ಈಗ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ನೋಡುತ್ತೇವೆ. ತೆರೆಯ ಮೇಲೆ ಕಾಣುವ ಪುಟದ ಹಿಂದೆ ಇನ್ನೊಂದು ಬರಹವಿರುತ್ತದೆ. ಆ ಬರಹದ ಸಂಕೇತ ಭಾಷೆಗೆ ಎಚ್‌ಟಿಎಂಎಲ್ ಎಂದು ಹೆಸರು. ಜಿನೀವಾ ನಗರದ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬವರು ೧೯೮೯ರಲ್ಲಿ ಇಂಥದೊಂದು ವ್ಯವಸ್ಥೆಯ ಸಲಹೆಯನ್ನು ಮುಂದಿಟ್ಟರು. ೧೯೯೧ರಲ್ಲಿ ಈ ಭಾಷೆಯ ಮೊದಲ ಟ್ಯಾಗುಗಳ ವಿವರಣೆ ಹೊರಬಂದಿತು. ಟ್ಯಾಗು ಎಂದರೆ ಗುರುತಿನ ಚೀಟಿ ಎನ್ನಿ. ‘ಇಲ್ಲಿಂದ ತಲೆಬರಹ ಆರಂಭ’ ಎಂದು ಒಂದು ಚೀಟಿ. ‘ಇಲ್ಲಿಗೆ ತಲೆಬರಹ ಮುಗಿಯಿತು’ ಎಂದು ಇನ್ನೊಂದು. ಬ್ರೌಸರು ಎಂಬ ಯಂತ್ರವಾಚಕ ಈ ಚೀಟಿಗಳನ್ನು ಓದಿ, ಅವನ್ನು ಮರೆಮಾಡಿ, ನಮಗೆ ಪುಟವನ್ನಷ್ಟೇ ತೋರಿಸುತ್ತದೆ.

ಈ ಚೀಟಿಗಳಿಗೆ ಒಂದು ಕಟ್ಟುಪಾಡು ಉಂಟು. ನಮ್ಮ ಕಡೆಯ ಹಳೆಯ ವಾಡೆಯ ಮನೆಯನ್ನು ನೆನೆದುಕೊಳ್ಳಿ. ತಲಬಾಗಿಲು ದಾಟಿ ಪಡಸಾಲೆ, ಪಡಸಾಲೆ ದಾಟಿ ನಡುಮನೆ, ನಡುಮನೆಯ ಒಳಗೆ ದೇವರ ಕೋಣೆ. ಹೊರಬರುವಾಗ ದೇವರ ಕೋಣೆಯ ಬಾಗಿಲನ್ನು ಮೊದಲು ಮುಚ್ಚಿ, ತಲಬಾಗಿಲನ್ನು ಕೊನೆಗೆ ಮುಚ್ಚುತ್ತೇವೆ. ಟ್ಯಾಗುಗಳ ಕ್ರಮವೂ ಇದೇ: ಕೊನೆಗೆ ತೆರೆದುದನ್ನು ಮೊದಲು ಮುಚ್ಚಬೇಕು. ನಡುವೆ ಕೆಲವು ಒಂಟಿ ಟ್ಯಾಗುಗಳೂ ಉಂಟು. ಸಾಲು ಮುರಿಯುವ ಗುರುತು, ಚಿತ್ರವನ್ನು ತಂದಿಡುವ ಗುರುತು ಇಂಥವು. ಇವುಗಳಿಗೆ ಮುಚ್ಚುವ ಜೊತೆಯಿಲ್ಲ. ವ್ಯಾಕರಣದ ಅವ್ಯಯಗಳು ಲಿಂಗ ವಚನ ವಿಭಕ್ತಿಗಳ ಗೊಡವೆಯಿಲ್ಲದೆ ಇರುವಂತೆ ಇವೂ ತಮ್ಮಷ್ಟಕ್ಕೆ ತಾವಿರುತ್ತವೆ.

ಬೆಳಗಾವಿಯಿಂದ ಲೋಂಡಾಕ್ಕೆ ಹೋಗುವ ರೈಲಿನ ಒಂದು ಪುಟ ಬೇಕಾಗಿದೆಯೆನ್ನಿ. ಹೊರಗಿನ ದೊಡ್ಡ ಪೆಟ್ಟಿಗೆ ಪುಟ. ಅದರೊಳಗೆ ನಿಲ್ದಾಣಗಳ ಪಟ್ಟಿ. ಪಟ್ಟಿಯೊಳಗೆ ಬೆಳಗಾವಿ, ದೇಸೂರ, ಇದಲಹೊಂಡ, ಖಾನಾಪುರ, ಗುಂಜಿ, ಲೋಂಡಾ ಎಂಬ ಆರು ನಿಲ್ದಾಣಗಳು. ಒಂದೊಂದು ನಿಲ್ದಾಣದೊಳಗೆ ರೈಲು ಬರುವ ವೇಳೆ, ಬಿಡುವ ವೇಳೆ. ಇದನ್ನು ಕಾಗದದ ಮೇಲೆ ಅಂದವಾಗಿ ಬರೆಯುವವನು ಏನು ಮಾಡುತ್ತಾನೆ? ‘ಪಟ್ಟಿ’ ಎಂಬುದನ್ನು ಅಂಚಿನಿಂದ ತೊಡಗಿ ಬರೆಯುತ್ತಾನೆ. ನಿಲ್ದಾಣಗಳನ್ನು ಒಂದು ಬೆರಳು ಒಳಗೆ ಸರಿಸಿ, ಒಂದರ ಕೆಳಗೊಂದು ಬರೆಯುತ್ತಾನೆ. ವೇಳೆಗಳನ್ನು ಇನ್ನೊಂದು ಬೆರಳು ಒಳಗೆ ಸರಿಸುತ್ತಾನೆ. ಹೀಗೆ ಸರಿಸಿ ಬರೆಯುವುದಕ್ಕೆ ಒಳಸರಿಕೆ ಎಂದು ಕರೆಯೋಣ. ಯಾವುದು ಯಾವುದರ ಒಳಗಿದೆ ಎಂಬುದು ಓದುವ ಮೊದಲೇ ಕಣ್ಣಿಗೆ ತಿಳಿಯುತ್ತದೆ. ತೆರೆದ ಟ್ಯಾಗಿನ ನೇರಕ್ಕೇ ಮುಚ್ಚುವ ಟ್ಯಾಗು ಇದ್ದರೆ, ಯಾವ ಬಾಗಿಲು ಮುಚ್ಚದೆ ಉಳಿಯಿತು ಎಂಬುದೂ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಆದರೆ ಬ್ರೌಸರಿಗೆ ಈ ಯಾವ ಅಂದವೂ ಬೇಕಿಲ್ಲ. ಟ್ಯಾಗುಗಳ ನಡುವೆ ಒಂದು ತೆರಪಿದ್ದರೂ, ಹತ್ತು ತೆರಪಿದ್ದರೂ, ಹೊಸ ಸಾಲಿದ್ದರೂ ಅದರ ಲೆಕ್ಕಕ್ಕೆ ಸಾಮಾನ್ಯವಾಗಿ ಎಲ್ಲವೂ ಕೂಡಿ ಒಂದೇ ತೆರಪು. ಆರು ನಿಲ್ದಾಣಗಳನ್ನೂ ಹನ್ನೆರಡು ವೇಳೆಗಳನ್ನೂ ಉಸಿರು ಬಿಡದೆ ಒಂದೇ ಸಾಲಿನಲ್ಲಿ ಬರೆದಿಟ್ಟರೂ ತೆರೆಯ ಮೇಲೆ ಕಾಣುವ ಪುಟ ಒಂದೇ ತೆರನಾಗಿರುತ್ತದೆ. ಉದಾಸೀನ ಹುಟ್ಟುವುದು ಇಲ್ಲಿಯೇ.

ಈ ಬರಹವನ್ನು ಹೆಚ್ಚಾಗಿ ಮನುಷ್ಯ ಕೈಯಾರೆ ಬರೆಯುವುದಿಲ್ಲ. ವೇಳಾಪಟ್ಟಿ ಬದಲಾದಂತೆಲ್ಲ ಯಾರು ಬರೆಯುತ್ತ ಕೂಡುವರು? ಒಂದು ಸಣ್ಣ ಪ್ರೋಗ್ರಾಮಿಗೆ ನಿಲ್ದಾಣಗಳ ವಿವರ ಕೊಟ್ಟರೆ ಅದು ಪುಟವನ್ನು ಬರೆದುಕೊಡುತ್ತದೆ. ಇಂಥ ಪ್ರೋಗ್ರಾಮುಗಳಿಗೆ ಸ್ಕ್ರಿಪ್ಟು ಎನ್ನುತ್ತಾರೆ. ಸ್ಕ್ರಿಪ್ಟು ಬರೆಯುವ ಭಾಷೆಗಳಲ್ಲಿ ೧೯೮೭ರಲ್ಲಿ ಬಂದ ಪರ್ಲ್, ೧೯೯೧ರಲ್ಲಿ ಬಂದ ಪೈಥಾನ್, ೧೯೯೫ರಲ್ಲಿ ಬಂದ ಪಿಎಚ್‌ಪಿ ಹೆಸರಾದವು. ಪರ್ಲ್ ಭಾಷೆಯಲ್ಲಿ ಪುಟಗಳನ್ನು ಬರೆಯಲು ಲಿಂಕನ್ ಸ್ಟೈನ್ ಎಂಬವರು ಸಿದ್ಧಪಡಿಸಿದ ಸಿಜಿಐ ಎಂಬ ಉಪಕರಣ ಬಹುಕಾಲ ಬಳಕೆಯಲ್ಲಿತ್ತು. ೨೦೧೫ರಲ್ಲಿ ಅದನ್ನು ಪರ್ಲಿನ ಮೂಲ ಗಂಟಿನಿಂದ ಹೊರಗಿಟ್ಟರು. ಆ ಉಪಕರಣ ಸಹಜವಾಗಿ ಬರೆಯುತ್ತಿದ್ದುದು ಒಂದೇ ಉದ್ದನೆಯ ಸಾಲನ್ನು. ಒಳಸರಿಕೆ ಮಾಡಿ ಅಂದವಾಗಿ ಬರೆಯಲೆಂದೇ ಅದಕ್ಕೆ ‘ಪ್ರೆಟಿ’ ಎಂಬ ಜೊತೆಯ ಉಪಕರಣವನ್ನು ಬೇರೆಯಾಗಿ ಕೂಡಿಸಬೇಕಾಯಿತು. ಯಂತ್ರಕ್ಕೆ ಬೇಡವಾದ ಅಂದವನ್ನು ಕಷ್ಟಪಟ್ಟು ಕೂಡಿಸಿದರೆಂದರೆ, ಅದು ಬೇಕಾದ ಓದುಗನೊಬ್ಬ ಇದ್ದನೆಂದೇ ಅರ್ಥವಲ್ಲವೆ?

ಆ ಓದುಗ ಯಾರು? ಪುಟ ಕೆಟ್ಟಾಗ ಅದನ್ನು ತಿದ್ದಲು ಕೂಡುವವನು.

ತೆರಪಿಲ್ಲದ ಬರಹವನ್ನು ಓದುವ ಕಷ್ಟ ನಮ್ಮ ನಾಡಿಗೆ ಹೊಸದಲ್ಲ. ಖಾನಾಪುರ ತಾಲೂಕಿನ ಹಲಸಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದು ಕದಂಬರ ಕಾಲದ ಪಲಾಶಿಕಾ. ಅಲ್ಲಿ ದೊರೆತ ಕದಂಬರ ತಾಮ್ರಪಟಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಓದಿ ಪ್ರಕಟಿಸಿದರು. ಆ ಕಾಲದ ಶಾಸನಗಳಲ್ಲಿ ಪದಕ್ಕೂ ಪದಕ್ಕೂ ನಡುವೆ ನಾವು ಈಗ ಬಿಡುವಂತೆ ತೆರಪು ಬಿಡುತ್ತಿರಲಿಲ್ಲ. ಎಲ್ಲಿ ಪದ ಮುಗಿಯಿತು, ಎಲ್ಲಿ ವಾಕ್ಯ ಮುಗಿಯಿತು ಎಂಬುದನ್ನು ಓದುವ ಪಂಡಿತನೇ ಬಿಡಿಸಿಕೊಳ್ಳಬೇಕು. ಪದಚ್ಛೇದ ಮೊದಲು, ಅನ್ವಯ ಆಮೇಲೆ, ಅರ್ಥ ಕೊನೆಗೆ. ತಾಮ್ರ ಬೆಲೆಯುಳ್ಳದ್ದು, ಕೆತ್ತುವ ಕೆಲಸ ಶ್ರಮದ್ದು. ಅಲ್ಲಿ ಒತ್ತಾಗಿ ಬರೆದರೆ ಯಾರೂ ಆಕ್ಷೇಪಿಸಲಾರರು. ಆದರೆ ಕಂಪ್ಯೂಟರಿನಲ್ಲಿ ಒಂದು ತೆರಪಿಗೆ ಬೆಲೆಯೆಷ್ಟು? ಇಲ್ಲವೆಂದರೂ ಸಲ್ಲುತ್ತದೆ. ಬೆಲೆಯಿಲ್ಲದ ತೆರಪನ್ನು ಉಳಿಸಿ, ಬೆಲೆಯುಳ್ಳ ಮನುಷ್ಯನ ಹೊತ್ತನ್ನು ಕಳೆಯುವುದು ಎಂಥ ಮಿತವ್ಯಯ?

ಈ ಮಾತು ಬರಿಯ ಪಾಂಡಿತ್ಯದ ಮಾತೆಂದು ತಿಳಿಯಬೇಡಿ. ಖಾನಾಪುರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಡೆದುದನ್ನು ಹೇಳುತ್ತೇನೆ. ಶಾಲೆಯ ಹೆಸರು ಬೇಡ. ದತ್ತಿ ಬಹುಮಾನ ಪಡೆದ ಮಕ್ಕಳ ಪಟ್ಟಿಯನ್ನು ಆ ಶಾಲೆಯವರು ತಮ್ಮ ಪುಟದಲ್ಲಿ ಹಾಕಿದ್ದರು. ಹಳೆಯ ವಿದ್ಯಾರ್ಥಿಯೊಬ್ಬ ಪ್ರೀತಿಯಿಂದ ಒಂದು ಸ್ಕ್ರಿಪ್ಟು ಬರೆದು ಪುಟವನ್ನು ಮಾಡಿಕೊಟ್ಟಿದ್ದ. ಆಮೇಲೆ ಅವನಿಗೆ ದೂರದೂರಲ್ಲಿ ಕೆಲಸವಾಯಿತು, ಸ್ಕ್ರಿಪ್ಟು ಇದ್ದ ಕಂಪ್ಯೂಟರು ಕೆಟ್ಟುಹೋಯಿತು. ಉಳಿದದ್ದು ಪುಟ ಮಾತ್ರ. ಆ ಪಟ್ಟಿಯಲ್ಲಿ ಒಬ್ಬ ಹುಡುಗಿಯ ಅಡ್ಡಹೆಸರು ‘ಹಿರೇಮಠ’ ಎಂದಿರಬೇಕಾದದ್ದು ‘ಹಿರೆಮಠ’ ಎಂದು ಆಗಿತ್ತು. ರೇಕಾರವು ರೆಕಾರವಾಗಿತ್ತು, ದೀರ್ಘ ಹ್ರಸ್ವವಾಗಿತ್ತು, ಅಷ್ಟೆ. ವಸತಿನಿಲಯದ ಅರ್ಜಿಗೆ ಆ ಪಟ್ಟಿಯ ಪ್ರತಿ ಲಗತ್ತಿಸಬೇಕಾಗಿತ್ತು. ಎರಡೂ ಕಾಗದಗಳಲ್ಲಿ ಹೆಸರು ಒಂದೇ ತೆರನಾಗಿರಲಿ ಎಂದು ಹೇಳಿ ಅರ್ಜಿಯನ್ನು ತಿರುಗಿಸಿ ಕಳಿಸಿದರು.

ತಿದ್ದೋಣವೆಂದು ಪುಟದ ಹಿಂದಿನ ಬರಹವನ್ನು ತೆರೆದರೆ, ಇಡೀ ಪಟ್ಟಿ ಒಂದೇ ಸಾಲು. ಆ ಸಾಲಿನಲ್ಲಿ ಕನ್ನಡದ ಅಕ್ಷರ ಒಂದೂ ಇರಲಿಲ್ಲ; ಎಲ್ಲವೂ ಅಂಕಿಗಳು. ಹುಡುಗಿಯ ಹೆಸರನ್ನು ಕನ್ನಡದಲ್ಲಿ ಬರೆದು ಹುಡುಕಿದರೆ ಸಿಗಲಿಲ್ಲ. ಹುಡುಗಿಯ ತಂದೆ ಪಕ್ಕದಲ್ಲಿಯೇ ನಿಂತಿದ್ದರು. “ಹುಡುಗಿ ಹೆಸರು ಪುಟದಾಗ ಐತಿ ಅಂತೀರಿ, ಹುಡುಕಿದ್ರ ಸಿಗಂಗಿಲ್ಲ ಅಂತೀರಿ. ಹಂಗಾದ್ರ ಎಲ್ಲಿ ಹೋತ್ರೀ ಸರ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ.

ಹೆಸರು ಎಲ್ಲಿಯೂ ಹೋಗಿರಲಿಲ್ಲ, ವೇಷ ಹಾಕಿಕೊಂಡಿತ್ತು. ಯೂನಿಕೋಡ್ ಎಂಬ ಅಕ್ಷರಗಳ ಜಾಗತಿಕ ಪಟ್ಟಿಯಲ್ಲಿ ಕನ್ನಡದ ಪ್ರತಿಯೊಂದು ಗುರುತಿಗೂ ಒಂದು ಸಂಖ್ಯೆಯುಂಟು. ಕಕಾರಕ್ಕೆ ೩೨೨೧. ಹ್ರಸ್ವ ಎಕಾರದ ಗುರುತಿಗೆ ೩೨೭೦, ದೀರ್ಘ ಏಕಾರದ ಗುರುತಿಗೆ ೩೨೭೧. ‘ಹಿರೇಮಠ’ ಎಂಬ ಹೆಸರಿನಲ್ಲಿ ಹಕಾರ, ಅದರ ಗುಡಿಸು, ರಕಾರ, ಅದರ ಏತ್ವ, ಮಕಾರ, ಠಕಾರ, ಹೀಗೆ ಆರು ಗುರುತುಗಳು. ಆ ಸ್ಕ್ರಿಪ್ಟು ಒಂದೊಂದು ಗುರುತನ್ನೂ ಅದರ ಸಂಖ್ಯೆಯಾಗಿ ಬರೆದು, ಹಿಂದೆ ಎರಡು ಚಿಹ್ನೆ, ಮುಂದೆ ಒಂದು ಚಿಹ್ನೆ ಹಾಕಿತ್ತು. ಅಲ್ಲಿಗೆ ನಾಲ್ಕಕ್ಷರದ ಹೆಸರು ೪೨ ಚಿಹ್ನೆಗಳ ಮಾಲೆಯಾಯಿತು. ಬ್ರೌಸರು ಇದನ್ನು ಓದಿ ಸರಿಯಾಗಿಯೇ ಕನ್ನಡವಾಗಿಸಿ ತೋರಿಸುತ್ತದೆ. ತಿದ್ದುವ ಮನುಷ್ಯನ ಗತಿಯೇನು? ೩೨೭೦ ಎಂದು ಹುಡುಕಿದರೆ, ಪುಟದಲ್ಲಿ ಎಕಾರವಿದ್ದ ಕಡೆಯೆಲ್ಲ ಅದು ಸಿಗುತ್ತದೆ. ಕೊನೆಗೆ ಊರಿನ ಡಿಪ್ಲೊಮಾ ಓದುವ ಹುಡುಗನೊಬ್ಬ ಆರು ಸಂಖ್ಯೆಗಳ ಮಾಲೆಯನ್ನು ಕಾಗದದ ಮೇಲೆ ಬರೆದುಕೊಂಡು, ಅದನ್ನೇ ಹುಡುಕಿ, ಒಂದು ಅಂಕಿಯನ್ನು ತಿದ್ದಿದ. ಸೊನ್ನೆ ಇದ್ದಲ್ಲಿ ಒಂದು ಬಂತು. ತಿದ್ದಲು ಒಂದು ಕ್ಷಣ, ಹುಡುಕಲು ಎರಡು ದಿನ. ಅರ್ಜಿ ಕೊನೆಯ ದಿನದ ಮಧ್ಯಾಹ್ನ ಮುಟ್ಟಿತು.

ಇದರಿಂದ ತಿಳಿಯುವುದೇನೆಂದರೆ, ಕನ್ನಡದ ಪುಟಕ್ಕೆ ಎರಡು ಬಗೆಯ ಸ್ಪಷ್ಟತೆ ಬೇಕು. ಸಾಲುಗಳು ತಮ್ಮ ತಮ್ಮ ಆಳಕ್ಕೆ ತಕ್ಕಂತೆ ಒಳಸರಿದಿರಬೇಕು. ಅಕ್ಷರಗಳು ಅಕ್ಷರಗಳಾಗಿಯೇ ಉಳಿಯಬೇಕು. ಇಂಗ್ಲಿಷಿನ ಪುಟ ಅಂದಗೆಟ್ಟರೂ ಅದರ ಪದಗಳು ಕಣ್ಣಿಗೆ ಕಾಣುತ್ತವೆ. ಕನ್ನಡದ ಪುಟ ಹೀಗೆ ಅಂಕಿಗಳ ವೇಷ ತೊಟ್ಟರೆ ಅದರಲ್ಲಿ ಕನ್ನಡವೇ ಕಾಣದು.

ಹಾಗಾದರೆ ಸ್ಕ್ರಿಪ್ಟಿನಿಂದ ಅಚ್ಚುಕಟ್ಟಾದ ಬರಹ ಬರೆಸುವುದು ಹೇಗೆ? ಕಲಿಯುವ ಹುಡುಗರು ಮೊದಮೊದಲು ಹಿಡಿಯುವ ದಾರಿ, ಸ್ಕ್ರಿಪ್ಟಿನ ನಡುನಡುವೆಯೇ ಪುಟದ ತುಣುಕುಗಳನ್ನು ಬರೆಯುವುದು. ಇಲ್ಲಿ ಎರಡು ಒಳಸರಿಕೆಗಳು ಹೆಣೆದುಕೊಳ್ಳುತ್ತವೆ. ‘ಆರು ನಿಲ್ದಾಣಗಳಿಗೂ ಹೀಗೆ ಮಾಡು’ ಎಂಬ ಆಜ್ಞೆಗೆ ತನ್ನದೊಂದು ಒಳಸರಿಕೆ. ನಿಲ್ದಾಣದ ಟ್ಯಾಗಿಗೆ ಇನ್ನೊಂದು. ಒಂದನ್ನು ನೇರಮಾಡಿದರೆ ಇನ್ನೊಂದು ಸೊಟ್ಟಗಾಗುತ್ತದೆ. ಪಿಎಚ್‌ಪಿ ಭಾಷೆಯಲ್ಲಂತೂ ಆಜ್ಞೆಯನ್ನು ಮುಗಿಸುವ ಗುರುತಿನ ಬೆನ್ನಿಗೇ ಬರುವ ಹೊಸ ಸಾಲನ್ನು ಯಂತ್ರ ನುಂಗಿಬಿಡುತ್ತದೆ. ಬರೆದವನು ಎರಡು ಸಾಲೆಂದುಕೊಂಡದ್ದು ಪುಟದಲ್ಲಿ ಒಂದೇ ಸಾಲಾಗಿ ಬರುವುದಕ್ಕೆ ಇದು ಒಂದು ಕಾರಣ.

ಎರಡನೆಯದು ಅಚ್ಚಿನ ದಾರಿ. ಪುಟದ ಅಚ್ಚನ್ನು ಬೇರೆಯಾಗಿ, ಅಂದವಾಗಿ ಬರೆದಿಟ್ಟು, ಹೆಸರು ಬರಬೇಕಾದಲ್ಲಿ ಖಾಲಿ ಬಿಡುವುದು. ಸ್ಕ್ರಿಪ್ಟು ಖಾಲಿಯನ್ನಷ್ಟೇ ತುಂಬುವುದು. ಕಚೇರಿಯಲ್ಲಿ ಅಚ್ಚಾದ ಅರ್ಜಿಯ ನಮೂನೆಯನ್ನು ನಾವು ತುಂಬುವುದಿಲ್ಲವೆ, ಹಾಗೆ. ಸಣ್ಣ ಪುಟಗಳಿಗೆ ಇದಕ್ಕಿಂತ ಸುಲಭದ ದಾರಿ ಬೇರೆಯಿಲ್ಲ.

ಮೂರನೆಯದು ಆಳವನ್ನು ಎಣಿಸುವ ದಾರಿ. ಪುಟವನ್ನು ಮೊದಲು ಒಂದು ಮರದಂತೆ ಕಂಪ್ಯೂಟರಿನ ನೆನಪಿನಲ್ಲಿ ಕಟ್ಟಿಕೊಂಡು, ಅದನ್ನು ಬರೆದಿಡುವ ಕೆಲಸವನ್ನು ಒಂದೇ ಕೈಗೆ ಒಪ್ಪಿಸುವುದು. ಆ ಕೈ ಒಂದು ಎಣಿಕೆಯನ್ನು ಇಟ್ಟುಕೊಳ್ಳುತ್ತದೆ. ಆರಂಭದಲ್ಲಿ ಎಣಿಕೆ ಸೊನ್ನೆ. ಟ್ಯಾಗನ್ನು ತೆರೆಯುವಾಗ ಎಣಿಕೆಯ ಎರಡರಷ್ಟು ತೆರಪು ಬಿಟ್ಟು ಬರೆದು, ಎಣಿಕೆಗೆ ಒಂದು ಕೂಡಿಸುತ್ತದೆ. ಮುಚ್ಚುವಾಗ ಮೊದಲು ಒಂದು ಕಳೆದು, ಆಮೇಲೆ ಬರೆಯುತ್ತದೆ. ಪುಟ ಮುಗಿದಾಗ ಎಣಿಕೆ ಮತ್ತೆ ಸೊನ್ನೆಗೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲಿಯೋ ಒಂದು ಬಾಗಿಲು ತೆರೆದೇ ಉಳಿದಿದೆ ಎಂದು ತಿಳಿಯಬೇಕು. ಜಮಾಖರ್ಚಿನ ತಾಳೆ ನೋಡಿದಂತೆ ಇದು. ಅಂದಕ್ಕೆಂದು ಮಾಡಿದ ಒಳಸರಿಕೆ ಲೆಕ್ಕದ ಪರೀಕ್ಷೆಯೂ ಆಯಿತು. ಪೈಥಾನ್ ಭಾಷೆಯ ಎಲಿಮೆಂಟ್‌ಟ್ರೀ ಎಂಬ ಉಪಕರಣದಲ್ಲಿ ಹೀಗೆ ಒಳಸರಿಸುವ ಆಜ್ಞೆಯನ್ನು ೨೦೨೦ರಲ್ಲಿ ಸೇರಿಸಿದರು. ಆದರೆ ಅದರಲ್ಲಿಯೂ ಒಂದು ಎಚ್ಚರ ಬೇಕು. ‘ಅಕ್ಷರಗಳನ್ನು ಅಕ್ಷರಗಳಾಗಿಯೇ ಬರೆ’ ಎಂದು ಬಿಡಿಸಿ ಹೇಳದಿದ್ದರೆ ಮರವನ್ನು ಬರಹವಾಗಿಸುವಾಗ ಅದು ಕನ್ನಡವನ್ನು ಅಂಕಿಗಳಾಗಿಯೇ ಕೊಡುತ್ತದೆ. ಯುಟಿಎಫ್-೮ ಎಂಬ ಬರವಣಿಗೆಯ ಕ್ರಮವನ್ನು ಹೆಸರಿಸಿದರೆ ಸಾಕು, ಹಿರೇಮಠ ಹಿರೇಮಠವಾಗಿಯೇ ಉಳಿಯುತ್ತದೆ.

ಬರೆದಾದ ಮೇಲೆ ಪುಟವನ್ನು ಓರಣಗೊಳಿಸುವ ಪ್ರೋಗ್ರಾಮುಗಳೂ ಉಂಟು. ಡೇವ್ ರ‍್ಯಾಗೆಟ್ ಎಂಬವರು ಆರಂಭಿಸಿದ ‘ಟೈಡಿ’ ಹೆಸರಾದದ್ದು. ಅಂದ ಮಾಡಹೋಗಿ ಅರ್ಥ ಕೆಡಿಸಬಾರದು ಎಂಬುದನ್ನು ಮಾತ್ರ ಮರೆಯಬಾರದು. ‘ಬೆಳಗಾವಿಯಲ್ಲಿ’ ಎಂಬ ಪದದಲ್ಲಿ ‘ಬೆಳಗಾವಿ’ ಎಂಬಷ್ಟನ್ನು ದಪ್ಪಕ್ಷರದ ಟ್ಯಾಗಿನಲ್ಲಿ ಇಟ್ಟಿದ್ದೇವೆನ್ನಿ. ಹೆಡ್ಡ ಪ್ರೋಗ್ರಾಮೊಂದು ಆ ಟ್ಯಾಗನ್ನು ಬೇರೆ ಸಾಲಿಗೆ ಇಳಿಸಿದರೆ, ಬ್ರೌಸರು ಹೊಸ ಸಾಲನ್ನು ತೆರಪೆಂದು ತಿಳಿದು ‘ಬೆಳಗಾವಿ ಯಲ್ಲಿ’ ಎಂದು ತೋರಿಸುತ್ತದೆ. ಪ್ರಕೃತಿಯಿಂದ ಪ್ರತ್ಯಯ ಕಳಚಿಬಿತ್ತು! ವಿಭಕ್ತಿ ಪ್ರತ್ಯಯವನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುವ ನಮ್ಮ ಭಾಷೆಗೆ ಈ ಅಪಾಯ ಹೆಚ್ಚು. ಆದುದರಿಂದ ಪಟ್ಟಿ, ಸಾಲು, ಕಂಡಿಕೆಗಳಂಥ ದೊಡ್ಡ ಪೆಟ್ಟಿಗೆಗಳನ್ನು ಒಳಸರಿಸಬೇಕು. ವಾಕ್ಯದೊಳಗಿನ ಸಣ್ಣ ಟ್ಯಾಗುಗಳನ್ನು ಇದ್ದಲ್ಲಿಯೇ ಬಿಡಬೇಕು. ಉದ್ದದ ಸಾಲನ್ನು ಲೆಕ್ಕ ಹಾಕಿ ಕತ್ತರಿಸುವಾಗಲೂ ಇದೇ ಎಚ್ಚರ ಬೇಕು. ಯುಟಿಎಫ್-೮ರಲ್ಲಿ ಕನ್ನಡದ ಒಂದೊಂದು ಗುರುತಿಗೆ ಮೂರು ಬೈಟುಗಳ ಜಾಗ ಬೇಕು. ಬೈಟುಗಳನ್ನೇ ಎಣಿಸಿ ಕತ್ತರಿ ಆಡಿಸಿದರೆ ಅಕ್ಷರದ ನಡುವೆಯೇ ಸೀಳು ಬಿದ್ದು, ಅಕ್ಷರವಿದ್ದಲ್ಲಿ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಬಂದು ಕೂಡುತ್ತದೆ.

ಇಷ್ಟೆಲ್ಲ ತೆರಪು ಬಿಟ್ಟರೆ ಪುಟದ ಗಾತ್ರ ಹೆಚ್ಚಿ, ಬರುವುದು ತಡವಾಗದೆ ಎಂದು ಕೆಲವರು ಕೇಳಬಹುದು. ಪುಟಗಳನ್ನು ಕಳಿಸುವ ಯಂತ್ರಗಳು ಸಾಮಾನ್ಯವಾಗಿ ಅವನ್ನು ಅಡಕಮಾಡಿ ಕಳಿಸುತ್ತವೆ. ಮರಳಿ ಮರಳಿ ಬರುವ ತೆರಪುಗಳು ಅಡಕದಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತವೆ. ದೊಡ್ಡ ಕಂಪನಿಗಳವರು ತೆರಪುಗಳನ್ನು ಬೇಕೆಂದೇ ತೆಗೆದು ಕಳಿಸುವುದುಂಟು, ನಿಜ. ಆದರೆ ಅವರ ಬಳಿ ಓದಬಲ್ಲ ಮೂಲ ಭದ್ರವಾಗಿರುತ್ತದೆ, ಅದನ್ನು ಬಲ್ಲ ಜನರೂ ಇರುತ್ತಾರೆ. ನಮ್ಮ ಹಳ್ಳಿಯ ಶಾಲೆ, ವಾಚನಾಲಯ, ಸಹಕಾರಿ ಸಂಘಗಳಲ್ಲಿ ಸ್ಕ್ರಿಪ್ಟು ಕಳೆದುಹೋದರೆ ಉಳಿಯುವುದು ಪುಟವೊಂದೇ. ಆಗ ಅದೇ ಮೂಲ, ಅದೇ ದಾಖಲೆ.

ಬೆಳಗಾವಿಯಲ್ಲಿ ೧೯೯೮ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಸುತ್ತಲ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಓದಿದ ಮಕ್ಕಳೂ ಇಂಜಿನಿಯರಿಂಗ್ ಕಲಿತು ಈ ಕೆಲಸಕ್ಕೆ ಹೋಗುತ್ತಿದ್ದಾರೆ. ಈ ವಿದ್ಯೆಯ ಒಂದು ವಿಶೇಷವೆಂದರೆ, ಗುರುವಿಲ್ಲದಿದ್ದರೂ ಇತರರು ಬರೆದ ಪುಟಗಳನ್ನು ನೋಡಿ ಸಾಕಷ್ಟು ಕಲಿಯಬಹುದು. ಕಂಪ್ಯೂಟರಿನಲ್ಲಿ ಯಾವುದಾದರೂ ಪುಟವನ್ನು ತೆರೆದು, ಕಂಟ್ರೋಲ್ ಎಂಬ ಕೀಲಿಯ ಜೊತೆ ಯು ಎಂಬ ಕೀಲಿಯನ್ನು ಒತ್ತಿದರೆ, ಹೆಚ್ಚಿನ ಬ್ರೌಸರುಗಳಲ್ಲಿ ಪುಟದ ಹಿಂದಿನ ಬರಹ ಕಣ್ಣೆದುರು ನಿಲ್ಲುತ್ತದೆ. ಅದು ಒಳಸರಿಕೆಯಿಂದ ಕೂಡಿದ್ದು, ಅದರಲ್ಲಿ ಕನ್ನಡ ಕನ್ನಡವಾಗಿಯೇ ಕಂಡರೆ, ಹತ್ತನೆಯ ತರಗತಿಯ ಹುಡುಗಿಯೂ ‘ಓಹೋ, ಇದು ಪಟ್ಟಿ, ಇದರೊಳಗೆ ನಮ್ಮೂರು’ ಎಂದು ಗುರುತಿಸಬಲ್ಲಳು. ಒಂದೇ ಸಾಲಿನ ಅಂಕಿಗಳ ಗೊಂದಲ ಕಂಡರೆ, ಇದು ನಮ್ಮಂಥವರಿಗಲ್ಲ ಎಂದು ಮುಚ್ಚಿಬಿಡುವಳು.

ಶಾಲೆಯಲ್ಲಿ ಮಕ್ಕಳಿಗೆ ಕಾಪಿ ಬರೆಯಿಸುವಾಗ ಅಂಚು ಬಿಡಿ, ಸಾಲಿನಿಂದ ಸಾಲಿಗೆ ತೆರಪು ಬಿಡಿ ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಅದು ಬರಿಯ ಅಂದಕ್ಕೆಂದು ಹೇಳಿದ ಮಾತಲ್ಲ. ತಿದ್ದುವವನಿಗೆ ಜಾಗ ಬೇಕು. ನಿಮ್ಮ ಮನೆಯ ಮಗನೋ ಮಗಳೋ ಈ ವಿದ್ಯೆ ಕಲಿಯುತ್ತಿದ್ದರೆ, ಅವರು ಬರೆಯಿಸಿದ ಪುಟದ ಹಿಂದಿನ ಬರಹವನ್ನೊಮ್ಮೆ ತೋರಿಸಲು ಹೇಳಿ. ನಿಮಗೆ ಟ್ಯಾಗುಗಳ ಪರಿಚಯವಿರಬೇಕಾಗಿಲ್ಲ. ಅದರಲ್ಲಿ ನಿಮ್ಮ ಊರಿನ ಹೆಸರನ್ನು ನೀವೇ ಹುಡುಕಿ ನೋಡಿ. ಸಿಕ್ಕರೆ ಬರಹ ಚೆನ್ನಾಗಿದೆ. ಸಿಗದಿದ್ದರೆ, ಇನ್ನೊಮ್ಮೆ ಬರೆಯಿಸಪ್ಪಾ, ಬರೆಯಿಸವ್ವಾ ಎಂದು ಹೇಳಿ.